ಅಗಲುವುದು ಬೇರೆ, ಮುರಿಯುವುದು ಬೇರೆ



ಶಿವಮೊಗ್ಗದವರು ತುಂಗೆಯ ದಡದವರು, ಭದ್ರಾವತಿಯವರು ಭದ್ರೆಯ ದಡದವರು. ಎರಡೂ ನದಿಗಳು ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಅಲ್ಲಿಂದ ಒಂದು ಶೃಂಗೇರಿ, ತೀರ್ಥಹಳ್ಳಿಗಳ ದಾರಿ ಹಿಡಿಯುತ್ತದೆ. ಇನ್ನೊಂದು ಕಳಸ, ಬಾಳೆಹೊನ್ನೂರುಗಳ ದಾರಿ. ಮತ್ತೆ ಅವು ಒಂದಾಗುವುದು ಕೂಡಲಿಯಲ್ಲಿ. ನಡುವಿನ ಈ ದೂರವನ್ನು ನಾವು ಯಾರೂ ಜಗಳವೆಂದು ಕರೆಯುವುದಿಲ್ಲ.

ಮನುಷ್ಯರ ನಡುವೆಯೂ ಇಂಥ ಅಗಲಿಕೆಗಳುಂಟು. ಭದ್ರಾವತಿಯ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, ಅದರ ಹಿಂದೆಯೇ ಬಂದ ಕಾಗದದ ಕಾರ್ಖಾನೆ, ಇವೆರಡನ್ನು ನಂಬಿ ತಮಿಳು, ತೆಲುಗು, ಮಲಯಾಳ, ಕೊಂಕಣಿ ಮಾತನಾಡುವ ಎಷ್ಟೋ ಮನೆತನಗಳು ಅಲ್ಲಿಗೆ ಬಂದು ನೆಲೆಸಿದವು. ಕಾಗದದ ಕಾರ್ಖಾನೆ ನಿಂತ ಮೇಲೆ ಕೆಲಸ ಹುಡುಕಿಕೊಂಡು ಊರು ಬಿಟ್ಟವರಿದ್ದಾರೆ. ಪಕ್ಕದ ಬೆಂಚಿನ ಗೆಳೆಯ ಹೊರಟುಹೋದರೆ ನೋವಾಗುತ್ತದೆ, ನಿಜ. ಆದರೆ ಅಲ್ಲಿ ಏನೂ ಮುರಿದಿಲ್ಲ. 1988ರಲ್ಲಿ ಚಿಕ್ಕಮಗಳೂರಿನಿಂದ ಬೇರ್ಪಡಿಸಿ ಶಿವಮೊಗ್ಗ ಧರ್ಮಪ್ರಾಂತ್ಯವನ್ನು ರಚಿಸಿದಾಗಲೂ ಹಾಗೆಯೇ. ಅದು ಬೆಳೆದ ಮನೆ ಎರಡಾದ ರೀತಿ.

ಮುರಿಯುವುದು ಬೇರೆ. ಒಂದೇ ತರಗತಿಯಲ್ಲಿ, ಒಂದೇ ಊಟದ ಮನೆಯಲ್ಲಿ ಇದ್ದುಕೊಂಡೇ ಮಾತು ಬಿಟ್ಟವರನ್ನು ನೀವು ಬಲ್ಲಿರಿ. ಬಹುಶಃ ನೀವೇ ಅವರಲ್ಲೊಬ್ಬರು.

ಬೈಬಲ್ಲಿನಲ್ಲಿ ಇದಕ್ಕೊಂದು ಪ್ರಸಂಗವಿದೆ. ತಪ್ಪಿಹೋದ ಮಗನ ಸಾಮತಿ ಎಲ್ಲರಿಗೂ ಗೊತ್ತು. ಇದು ಅಷ್ಟು ಪ್ರಸಿದ್ಧವಲ್ಲ, ನನಗಂತೂ ಇದೇ ಹೆಚ್ಚು ನಿಜವೆನಿಸುತ್ತದೆ. ಪೌಲ ಮತ್ತು ಬಾರ್ನಬ ಜೊತೆಯಾಗಿ ಊರೂರು ತಿರುಗಿ ಬೋಧಿಸಿದವರು. ಪೌಲನನ್ನು ಯಾರೂ ನಂಬದಿದ್ದ ದಿನಗಳಲ್ಲಿ ಅವನ ಪರವಾಗಿ ನಿಂತವನೇ ಬಾರ್ನಬ. ಮೊದಲ ಪ್ರಯಾಣದಲ್ಲಿ ಮಾರ್ಕನೆಂಬ ಯುವಕ ಅವರ ಜೊತೆಗಿದ್ದು, ಪಂಫುಲ್ಯದಿಂದ ಅವರನ್ನು ಬಿಟ್ಟು ಮನೆಗೆ ಹಿಂದಿರುಗಿದ. ಏಕೆಂದು ಗ್ರಂಥ ಹೇಳುವುದಿಲ್ಲ. ಎರಡನೆಯ ಸಲ ಹೊರಡುವಾಗ ಬಾರ್ನಬ ಅವನನ್ನು ಕರೆದುಕೊಂಡು ಹೋಗೋಣವೆಂದ, ಪೌಲ ಬೇಡವೆಂದ. ಮಾತಿಗೆ ಮಾತು ಬೆಳೆಯಿತು. ಬಾರ್ನಬ ಮಾರ್ಕನೊಂದಿಗೆ ಸೈಪ್ರಸ್ ದ್ವೀಪದ ಹಡಗು ಹತ್ತಿದ. ಪೌಲ ಸೀಲನೊಂದಿಗೆ ಸಿರಿಯದ ಕಡೆಗೆ ನಡೆದ. ಸಂತರ ಜಗಳ ಎಂದು ಅಪೊಸ್ತಲರ ಕೃತ್ಯಗಳನ್ನು ಬರೆದವನು ಅದನ್ನು ಮುಚ್ಚಿಡಲಿಲ್ಲ. ಇದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಅವರಿಬ್ಬರೂ ಮತ್ತೆ ಜೊತೆಯಾಗಿ ಪ್ರಯಾಣ ಮಾಡಿದ್ದು ಆ ಪುಸ್ತಕದಲ್ಲಿಲ್ಲ. ಆದರೆ ಕೆಲವು ವರ್ಷಗಳ ನಂತರ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲ ಬಾರ್ನಬನನ್ನು ತನ್ನಂತೆಯೇ ದುಡಿಯುವವನೆಂದು ಗೌರವದಿಂದ ನೆನೆಯುತ್ತಾನೆ. ಇನ್ನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರ ನೋಡಿ. ಅಲ್ಲಿ ಪೌಲ ಸೆರೆಯಲ್ಲಿದ್ದಾನೆ, ಹಲವರು ಬಿಟ್ಟುಹೋಗಿದ್ದಾರೆ. ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ ಬೇಕು, ಪುಸ್ತಕಗಳು ಬೇಕು ಎನ್ನುತ್ತಾನೆ. ಅದಕ್ಕೂ ಮೊದಲು, ಬರುವಾಗ ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಎಂಬರ್ಥದ ಮಾತು ಬರುತ್ತದೆ. ಯಾವನನ್ನು ಕೆಲಸಕ್ಕೆ ಬಾರದವನೆಂದು ಬಿಟ್ಟನೋ ಅವನನ್ನೇ!

ಕೆಲವು ಬಿರುಕುಗಳಿಗೆ ಒಂದು ಆಯುಷ್ಯ ಸಾಲುವುದಿಲ್ಲ. ಜಾನ್ ವೆಸ್ಲಿ 1791ರಲ್ಲಿ ತೀರಿಕೊಂಡ ಬಳಿಕ ಅವರ ಅನುಯಾಯಿಗಳಾದ ಮೆಥಡಿಸ್ಟರು ಆಂಗ್ಲಿಕನ್ ಸಭೆಯಿಂದ ಬೇರೆಯಾದರು. ಶಿವಮೊಗ್ಗದಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ ಆ ಪರಂಪರೆಯದು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ನಾವು ಸಿ.ಎಸ್.ಐ. ಎನ್ನುವುದು, ಸ್ಥಾಪನೆಯಾದಾಗ ಇಲ್ಲಿ ಆ ಎರಡು ಪರಂಪರೆಗಳು ಒಂದಾದವು. ಜಗಳ ಹುಟ್ಟಿದ ಇಂಗ್ಲೆಂಡಿನಲ್ಲಿ ಅವು ಇಂದಿಗೂ ಎರಡು ಸಭೆಗಳೇ.

ಹಾಗಾದರೆ ನೀವು ಏನು ಮಾಡಬೇಕು? ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುವ ಕ್ರಮ ತೀರಾ ವ್ಯಾವಹಾರಿಕವಾದದ್ದು. ತಪ್ಪು ಮಾಡಿದವನ ಬಳಿಗೆ ಮೊದಲು ಒಬ್ಬನೇ ಹೋಗಿ ಮಾತನಾಡು. ಅದಾಗದಿದ್ದರೆ ಮಾತ್ರ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ನಾವು ಮಾಡುವುದು ಇದಕ್ಕೆ ತಿರುಗು ಮುರುಗು. ಮೊದಲು ಇಡೀ ತರಗತಿಗೆ ಹೇಳುತ್ತೇವೆ; ಕೊನೆಗೆ, ಮನಸ್ಸಾದರೆ, ಅವನಿಗೆ. ಇನ್ನೊಂದು ಕಡೆ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ರಾಜಿಯಾಗಿ ಬಾ ಎನ್ನುತ್ತಾನೆ. ಅಲ್ಲಿ ಎದ್ದು ಹೋಗಬೇಕಾದವನು ಯಾರು ಗಮನಿಸಿ: ಯಾರ ಮೇಲೆ ಇನ್ನೊಬ್ಬನಿಗೆ ದೂರಿದೆಯೋ ಅವನು.

ಒಂದು ಎಚ್ಚರಿಕೆ ಮಾತ್ರ ಬೇಕು. ಕ್ಷಮಿಸುವುದೆಂದರೆ ಹೊಡೆಯುವವರ, ಹೆದರಿಸುವವರ ಕೈಗೆ ಮರಳಿ ಸಿಕ್ಕಿಕೊಳ್ಳುವುದಲ್ಲ. ಪೌಲ, ಬಾರ್ನಬರಂತೆ ಬೇರೆ ದಾರಿ ಹಿಡಿಯುವುದೂ ಸರಿಯಾಗಬಹುದು. ತಂದೆತಾಯಿ ಬೇರೆಯಾದ ಮನೆಯ ಮಕ್ಕಳು ಆ ಬಿರುಕನ್ನು ತಾವೇ ಬೆಸೆಯಬೇಕೆಂದು ಒದ್ದಾಡುತ್ತಾರೆ, ತಮ್ಮಿಂದಲೇ ಹೀಗಾಯಿತೆಂದು ನಂಬುತ್ತಾರೆ. ಮಗು, ಆ ಹೊರೆ ನಿನ್ನದಲ್ಲ. ನಂಬಿಕೆಯಿರುವ ಅಧ್ಯಾಪಕರೊಬ್ಬರಲ್ಲಿ ಹೇಳಿಕೋ. ಯಾರೂ ಸಿಗದಿದ್ದರೆ 1098ಕ್ಕೆ ಫೋನ್ ಮಾಡಬಹುದು. ಅದು ಮಕ್ಕಳ ಸಹಾಯವಾಣಿ, ರಾತ್ರಿಯೂ ತೆರೆದಿರುತ್ತದೆ.