ಕೆರೆಯ ಮೇಲಿನ ಹಸಿರು ಹೊದಿಕೆ

ನಾರಾವಿಯಂಥ ಊರುಗಳ ತೋಟದ ಕೆರೆಗಳಲ್ಲಿ ತೇಲುವ ಹಸಿರು ಹೊದಿಕೆಯನ್ನು ನೀವು ನೋಡಿರಬಹುದು. ಕಣ್ಣಿಗೆ ಹುಲ್ಲುಹಾಸು, ಎಳೆಯ ಮಗುವೊಂದು ನೆಲವೆಂದೇ ನಂಬಿ ಕಾಲಿಟ್ಟರೆ ಗತಿಯೇನು? ಅಡಿಯಲ್ಲಿ ಬೆಳಕಿಲ್ಲ, ಪ್ರಾಣವಾಯುವೂ ಕಡಿಮೆ. ಬ್ರೆಜಿಲ್ ಮೂಲದ ಸಾಲ್ವಿನಿಯಾ ಕಳೆ ಕೆಲವೇ ದಿನಗಳಲ್ಲಿ ಇಮ್ಮಡಿಯಾಗಬಲ್ಲದು. ಅಂದರೆ, ಇಂದು ಅರ್ಧ ಮುಚ್ಚಿದ ಕೆರೆ ಮುಂದಿನ ಇಮ್ಮಡಿಗೇ ಪೂರ್ತಿ ಮುಚ್ಚೀತು! ಆದ್ದರಿಂದ ಮೊದಲೇ ಇಬ್ಬರು ಎರಡು ದಡಗಳಲ್ಲಿ ನಿಂತು, ಹಗ್ಗ ಎಳೆದು ಕಳೆಯನ್ನು ಒಂದೆಡೆ ಕೂಡಿಸಿ, ಬುಟ್ಟಿಯಿಂದ ಎತ್ತಬೇಕು. ಹಿರಿಯರಿಲ್ಲದೆ ನೀರಿಗಿಳಿಯಬೇಡಿ. ತೆಗೆದುದನ್ನು ತೋಡಿಗೆ ಎಸೆದರೆ ಕೆಳಗಿನವರ ಕೆರೆಗೆ ನಾವೇ ಬಿತ್ತಿದಂತೆ, ಗೊಬ್ಬರಗುಂಡಿಗೆ ಹಾಕಿ. ಸೆಗಣಿನೀರನ್ನೂ ಕೆರೆಗೆ ಬಿಡಬೇಡಿ, ಕಳೆಗೆ ಅದೇ ಊಟ. 1983–84ರಲ್ಲಿ ಬೆಂಗಳೂರಿನಲ್ಲಿ ಸಾಲ್ವಿನಿಯಾ ತಿನ್ನುವ ಪುಟ್ಟ ಸೊಂಡಿಲುದುಂಬಿಯನ್ನು ಬಿಟ್ಟಾಗ, ನೈದಿಲೆಯ ಕೊಳವೊಂದು ಹನ್ನೊಂದು ತಿಂಗಳಲ್ಲಿ ತಿಳಿಯಾಗಿತ್ತು.