ಅಂಗೈ ಮೇಲಿನ ಸೈನಿಕರು, ಕೆರೆ ಏರಿಯ ವೀರರು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯಲ್ಲಿ ಓದಿ, ಮುಂದೆ ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿರುವವನು. ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಅದನ್ನು ಹೇಳಲು ಬೇರೆಯವರಿದ್ದಾರೆ. ನಾನು ನನ್ನ ಒಂದು ಹವ್ಯಾಸದ ಬಗ್ಗೆ ಹೇಳುತ್ತೇನೆ. ಈ ಮೇಜಿನ ಮೇಲೆ ಐದು ಪುಟ್ಟ ಗೊಂಬೆಗಳಿವೆ. ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ, ಕಾರ್ಯಕ್ರಮ ಮುಗಿದ ಮೇಲೆ ಬಂದು ನೋಡಿ. ಹಳೆಯ ಕಾಲದ ಸೈನಿಕರ ಇಂಥ ಗೊಂಬೆಗಳನ್ನು ಕೂಡಿಡುವುದು, ಅವಕ್ಕೆ ಬಣ್ಣ ಬರೆಯುವುದು ನನ್ನ ಹವ್ಯಾಸ. ನಮ್ಮ ಅತ್ತೆ ಒಮ್ಮೆ ಮನೆಗೆ ಬಂದವರು ಇದನ್ನು ನೋಡಿ, "ಎಂತದ ಮಾಣಿ, ಮಗಳನ್ನ ಆಡ್ಸ ವಯಸ್ಸಲ್ಲಿ ನೀನೇ ಗೊಂಬೆ ಹಿಡ್ಕಂಡು ಕೂತ್ಗಂಡಿದ್ಯಲ" ಅಂದರು. ಅವರ ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಉತ್ತರವನ್ನು ಇವತ್ತು ನಿಮ್ಮೆಲ್ಲರ ಎದುರು ಹೇಳುತ್ತೇನೆ.

ಈ ಹವ್ಯಾಸ ಬೆಳೆದದ್ದು ಯುರೋಪಿನಲ್ಲಿ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ತವರದ ಚಪ್ಪಟೆ ಸೈನಿಕರನ್ನು ಎರಕ ಹೊಯ್ಯುತ್ತಿದ್ದರು. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ ಒಳಗೆ ಪೊಳ್ಳಾಗಿರುವ ಸೀಸದ ಗೊಂಬೆಗಳನ್ನು ತಂದಿತು. ಅವು ಹಗುರ, ಅಗ್ಗ. ಅವುಗಳಿಂದ 54 ಮಿಲಿಮೀಟರ್ ಎಂಬ ಅಳತೆ ರೂಢಿಗೆ ಬಂತು. ಮಕ್ಕಳೇ, ಇಲ್ಲೊಂದು ಲೆಕ್ಕ. 173 ಸೆಂಟಿಮೀಟರ್ ಎತ್ತರದ ಮನುಷ್ಯನನ್ನು 32 ಪಾಲು ಚಿಕ್ಕದು ಮಾಡಿದರೆ 54 ಮಿಲಿಮೀಟರ್ ಆಗುತ್ತದೆ. ಅಂದರೆ ನನ್ನ ಕುಂಚ ಒಂದು ಮಿಲಿಮೀಟರ್ ಆಚೆ ಹೋದರೆ, ಆ ಸೈನಿಕನ ಮೈಮೇಲೆ ಮೂರು ಸೆಂಟಿಮೀಟರಿಗೂ ಹೆಚ್ಚು ತಪ್ಪಿದ ಹಾಗೆ.

ಕೆಲಸ ದೊಡ್ಡದಲ್ಲ, ತಾಳ್ಮೆ ಬೇಕು. ಮೊದಲು ಗೊಂಬೆಯನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಬೇಕು. ಪ್ರೈಮರ್ ಹೊಡೆಯಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಮೂಲ ಬಣ್ಣ. ಅದರ ಮೇಲೆ ನೀರಿನಂತೆ ತೆಳುವಾದ ಕಡು ಬಣ್ಣ ಬಿಟ್ಟರೆ ಅದು ಬಟ್ಟೆಯ ಮಡಿಕೆಗಳಲ್ಲಿ ಇಳಿದು ನೆರಳಾಗುತ್ತದೆ. ಕೊನೆಗೆ ಬೆಳಕು ಬೀಳುವ ಉಬ್ಬುಗಳಿಗೆ ತಿಳಿ ಬಣ್ಣ. ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಬಣ್ಣ, ಸೊನ್ನೆ ನಂಬರಿನ ಕುಂಚ, ಹಳೆಯ ಟೈಲ್ಸ್ ತುಂಡು ಸಾಕು. ಮುರಿದ ಕೈ ಕೂಡಿಸಲು, ರುಮಾಲು ಸುತ್ತಲು ನಾನು ಬಳಸುವುದು ನಲ್ಲಿ ಸೋರುವುದಕ್ಕೆ ಹಚ್ಚುವ ಎಂ-ಸೀಲ್.

ಇದು ನಮಗೆ ತೀರಾ ಹೊಸದೂ ಅಲ್ಲ. ಚೌತಿಗೆ ಮುಂಚೆ ಗುಡಿಗಾರರ ಮನೆಯಲ್ಲಿ ಸಾಲಾಗಿ ನಿಂತ ಗಣಪತಿಗೆ ಬಣ್ಣ ಬರೆಯುವುದನ್ನು ನಾವೆಲ್ಲ ನೋಡಿಯೇ ದೊಡ್ಡವರಾದವರು. ಗಂಧದ ಮರದಲ್ಲಿ ಗೀತೋಪದೇಶದ ರಥ ಕೆತ್ತುವ, ಬೆಂಡಿನಲ್ಲಿ ಬಾಸಿಂಗ ಮಾಡುವ ಆ ಕೈಗಳು ಶಿರಸಿ, ಸಿದ್ದಾಪುರ, ಸಾಗರ, ಸೊರಬಗಳಲ್ಲಿ ಇವತ್ತಿಗೂ ಇವೆ. ಅವರ ಮುಂದೆ ನನ್ನದು ಶಾಲಾ ಹುಡುಗನ ಕೆಲಸ.

ಯುದ್ಧದ ಗೊಂಬೆ ಯಾಕೆ ಎಂದು ಕೇಳುವವರಿದ್ದಾರೆ. 1913ರಲ್ಲಿ ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ಆಟದ ಸೈನಿಕರ ಬಗ್ಗೆ ಒಂದು ಪುಸ್ತಕ ಬರೆದ. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧ ಎಷ್ಟೋ ವಾಸಿ ಎನ್ನುವುದು ಅವನ ಮಾತಿನ ಸಾರ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಗೊಂಬೆಗೆ ಬಣ್ಣ ಬರೆಯುತ್ತ ಕೂತವನಿಗೆ ಯುದ್ಧದ ಮೇಲೆ ಮೋಹ ಹುಟ್ಟುವುದಿಲ್ಲ. ಈ ಅಂಗಿ ತೊಟ್ಟವನಿಗೆ ಮನೆ ಇತ್ತು, ತಾಯಿ ಇದ್ದಳು ಎಂಬುದೇ ನೆನಪಾಗುತ್ತದೆ.

ಈಗ ಮೇಜಿನ ಮೇಲಿನ ಐದು ಗೊಂಬೆಗಳಿಗೆ ಬರುತ್ತೇನೆ.

ಮೊದಲನೆಯವನು 1815ರ ವಾಟರ್‌ಲೂ ಯುದ್ಧದ ಫ್ರೆಂಚ್ ಸೈನಿಕ. ಕೊಂಡು ತಂದದ್ದು. ಇವನ ಕಾಲರ್ ಯಾವ ಬಣ್ಣ, ಗುಂಡಿ ಹಿತ್ತಾಳೆಯದೋ ಬೇರೆಯದೋ ಎಂದು ಹೇಳುವ ಪುಸ್ತಕಗಳೇ ಇವೆ. ನಾನು ಒಂದನ್ನೂ ಊಹಿಸಬೇಕಾಗಲಿಲ್ಲ.

ಎರಡನೆಯವನು ಟಿಪ್ಪುವಿನ ಕಾಲಾಳು. ಮೈಮೇಲೆ ಹುಲಿಪಟ್ಟೆಯ ಅಂಗಿ. ಇಂಥ ಗೊಂಬೆ ನನಗೆ ಕೊಳ್ಳಲು ಸಿಗಲಿಲ್ಲ, ಬೇರೊಂದನ್ನು ಕೊಯ್ದು, ತಿದ್ದಿ ಮಾಡಿದೆ. ರಾಬರ್ಟ್ ಹೋಮ್ ಎಂಬ ಚಿತ್ರಕಾರ 1791–92ರ ಯುದ್ಧದ ವೇಳೆ ಬ್ರಿಟಿಷ್ ಸೈನ್ಯದ ಜೊತೆ ಬಂದು ಮೈಸೂರಿನ ಸೈನಿಕರ ಚಿತ್ರ ಬರೆದಿದ್ದಾನೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ, ಶಾಲಾ ಪ್ರವಾಸದಲ್ಲಿ ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಇನ್ನೊಮ್ಮೆ ಹೋದಾಗ ನಿಧಾನವಾಗಿ, ಒಂದೊಂದು ರುಮಾಲನ್ನೂ ನೋಡಿ.

ಮೂರನೆಯವನು ಮೈಸೂರು ಲ್ಯಾನ್ಸರ್ಸ್ ದಳದ ಸವಾರ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಮೈಸೂರು ಮತ್ತು ಜೋಧ್‌ಪುರದ ಕುದುರೆ ಸವಾರರು ಮುಂದಿದ್ದರು. ಎದುರಿಗೆ ಫಿರಂಗಿ, ಮೆಷಿನ್ ಗನ್. ಇವರ ಕೈಯಲ್ಲಿ ಭರ್ಜಿ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಮೈಸೂರು, ಹೈದರಾಬಾದ್, ಜೋಧ್‌ಪುರಗಳ ಈ ಸೈನಿಕರ ನೆನಪಿಗೆ ನಿಂತವು. ಇವನಿಗೂ ಫೋಟೋ ಇದೆ, ದಾಖಲೆ ಇದೆ.

ನಾಲ್ಕನೆಯದನ್ನು ನೀವು ದೂರದಿಂದಲೇ ಗುರುತಿಸುತ್ತೀರಿ, ನಮ್ಮ ಶಿರಸಿಯ ಬೇಡರ ವೇಷ. ಮಾರಿಕಾಂಬೆ ಜಾತ್ರೆ ಇಲ್ಲದ ವರ್ಷ ಹೋಳಿಯಲ್ಲಿ ಹೊರಡುವ ವೇಷ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ. ಸೋಂದೆ ಅರಸರ ಕಾಲದ ಕಾವಲುಗಾರನ ಕಥೆಯಿಂದ ಹುಟ್ಟಿದ್ದು ಎಂದು ಹಿರಿಯರು ಹೇಳುತ್ತಾರೆ. ಇದಕ್ಕೆ ಪುಸ್ತಕ ಬೇಕಾಗಲಿಲ್ಲ, ಬೀದಿಯಲ್ಲಿ ನಿಂತು ನೋಡಿದ್ದೇ ಸಾಕಾಯಿತು.

ಐದನೆಯದಕ್ಕೆ ಬಣ್ಣವೇ ಇಲ್ಲ. ಎಂ-ಸೀಲಿನ ಬೂದು ಬಣ್ಣದಲ್ಲೇ ನಿಂತಿದ್ದಾನೆ. ಇವನು ನಮ್ಮೂರ ಕೆರೆ ಏರಿಯ ವೀರಗಲ್ಲಿನ ಬಿಲ್ಲುಗಾರ. ತುರುಬು ಕಟ್ಟಿದ್ದಾನೆ, ಕಾಸೆ ಬಿಗಿದಿದ್ದಾನೆ, ಸೊಂಟಕ್ಕೆ ಕಠಾರಿ ಇದೆ. ಅಷ್ಟು ಕಲ್ಲಿನಿಂದ ಗೊತ್ತಾಯಿತು. ಕಾಸೆ ಯಾವ ಬಣ್ಣದ್ದು? ಯಾರಿಗೂ ಗೊತ್ತಿಲ್ಲ. ಹೆಸರೇನು? ಅದೂ ಗೊತ್ತಿಲ್ಲ. ಫ್ರಾನ್ಸಿನ ಸೈನಿಕನ ಗುಂಡಿಯ ಬಣ್ಣ ತಿಳಿದುಕೊಂಡು ಕೂತಿರುವ ನನಗೆ, ನಮ್ಮೂರಿನ ದನ ಕಾಯಲು ಹೋಗಿ ಸತ್ತವನ ಹೆಸರು ತಿಳಿಯದು. ನಾನು ಈ ಗೊಂಬೆಗೆ ಬಣ್ಣ ಹಚ್ಚದೇ ಬಿಟ್ಟಿರುವುದು ಅದಕ್ಕೇ.

ಮಕ್ಕಳಿಗಾಗಿ ಹೇಳುತ್ತೇನೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ, ಕೆಳಗಿನಿಂದ ಓದಬೇಕು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ತುದಿಯಲ್ಲಿ ಸೂರ್ಯ ಚಂದ್ರ. ಅವು ಇರುವವರೆಗೂ ಇವನ ನೆನಪು ಇರಲಿ ಎಂದು ಅರ್ಥ. ಕಾಲಬುಡದಲ್ಲಿ ದನಗಳಿದ್ದರೆ ಅದು ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋಗುವವರ ಜೊತೆಗಿನ ಹೋರಾಟ. ವೀರನನ್ನು ಉಳಿದವರಿಗಿಂತ ದೊಡ್ಡದಾಗಿ ಕೆತ್ತಿರುತ್ತಾರೆ. ಅದು ಅಳತೆಯಲ್ಲ, ಗೌರವ. ಕೆಲವು ಕಲ್ಲುಗಳಲ್ಲಿ ಬರಹವೂ ಇರುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಸುಮಾರು ಕ್ರಿ.ಶ. 950ರದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪು ಅದರಲ್ಲಿದೆ. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ಉಳಿದದ್ದು ಯಾರೋ ಕೆತ್ತಿದ್ದರಿಂದ, ಆಮೇಲೆ ಯಾರೋ ಓದಿ, ಜೋಪಾನ ಮಾಡಿದ್ದರಿಂದ.

ಕದಂಬರ ಬನವಾಸಿ ನಮ್ಮ ಶಿರಸಿ ತಾಲ್ಲೂಕಿನಲ್ಲೇ ಇದೆ. ನಮ್ಮ ಮೂರೂ ತಾಲ್ಲೂಕುಗಳ ತೋಟದ ಅಂಚು, ಕೆರೆ ಏರಿ, ದೇವಸ್ಥಾನದ ಅಂಗಳಗಳಲ್ಲಿ ಇಂಥ ಕಲ್ಲುಗಳಿವೆ. ಕೆಲವಕ್ಕೆ ಪೂಜೆ ಸಲ್ಲುತ್ತದೆ. ಕೆಲವು ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿವೆ. ಕೆಲವನ್ನು ರಸ್ತೆ ಮಾಡುವಾಗ ಜೆಸಿಬಿ ಮಣ್ಣಿನಡಿ ತಳ್ಳಿದೆ. ನಿಧಿಯ ಆಸೆಗೆ ಬುಡ ಅಗೆದವರೂ ಇದ್ದಾರೆ. ವೀರಗಲ್ಲನ್ನು ನಿಲ್ಲಿಸಿದ್ದು ಹೊನ್ನು ಹೂತಿಡಲಿಕ್ಕಲ್ಲ, ಸತ್ತವನನ್ನು ನೆನೆಯಲಿಕ್ಕೆ. ನಮ್ಮ ಕೆರೆ ಏರಿಯ ಕಲ್ಲಿನ ಮೇಲಿನ ಪಟ್ಟಿಕೆ ನಾನು ಹೈಸ್ಕೂಲಿನಲ್ಲಿದ್ದಾಗ ಪೂರ್ತಿ ಇತ್ತು. ಈಗ ಚಂದ್ರ ಇಲ್ಲ, ಸೂರ್ಯ ಮಾತ್ರ ಇದ್ದಾನೆ.

ಆದ್ದರಿಂದ ಈ ಸುವರ್ಣ ವರ್ಷದಲ್ಲಿ ಶಾಲೆಗೆ ನನ್ನದೊಂದು ಕೋರಿಕೆ. ಒಂದು ದಪ್ಪ ನೋಟ್‌ಬುಕ್ ಇಡೋಣ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಕಲ್ಲು ಎಲ್ಲಿದೆ, ಎಷ್ಟು ಎತ್ತರ, ಎಷ್ಟು ಪಟ್ಟಿಕೆ, ಅಕ್ಷರ ಇದೆಯೇ, ಊರವರು ಅದನ್ನು ಏನೆಂದು ಕರೆಯುತ್ತಾರೆ ಎಂದು ಬರೆಯಲಿ. ಫೋಟೋವನ್ನು ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಿರಿ. ನಡು ಮಧ್ಯಾಹ್ನ ಕಾಣದ ಗೆರೆ ಆಗ ಎದ್ದು ಕಾಣುತ್ತದೆ. ತಂತಿ ಬ್ರಷ್‌ನಿಂದ ಉಜ್ಜಬೇಡಿ, ಆ್ಯಸಿಡ್ ಹಾಕಬೇಡಿ, ಎಣ್ಣೆ ಬಣ್ಣ ಬಳಿಯಬೇಡಿ, ಇದ್ದಲ್ಲಿಂದ ಕೀಳಬೇಡಿ. ಬಣ್ಣ ಹಚ್ಚಬೇಕು ಅನ್ನಿಸಿದರೆ ಮಣ್ಣಿನಲ್ಲಿ ಅದರ ಪ್ರತಿ ಮಾಡಿ, ಅದಕ್ಕೆ ಹಚ್ಚಿ. ಅಕ್ಷರ ಕಂಡರೆ ಗುರುಗಳ ಮೂಲಕ ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ. ಫೋಟೋ, ಮಾಹಿತಿಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವ ಕೆಲಸ ನನ್ನದು, ನನ್ನ ಬಿ.ಇ. ಅಷ್ಟಕ್ಕಾದರೂ ಊರಿಗೆ ಉಪಯೋಗವಾಗಲಿ.

ಊರವರಲ್ಲೂ ಕೇಳಿಕೊಳ್ಳುತ್ತೇನೆ. ನಿಮ್ಮ ತೋಟದಲ್ಲಿ ಕಲ್ಲು ಬೋರಲಾಗಿ ಬಿದ್ದಿದ್ದರೆ ಮಕ್ಕಳು ನೋಡಲು ಬಂದಾಗ ಗದರಬೇಡಿ. ಒಂದು ಲೋಟ ಮಜ್ಜಿಗೆ ಕೊಟ್ಟು, ನಿಮ್ಮ ಅಜ್ಜ ಆ ಕಲ್ಲಿನ ಬಗ್ಗೆ ಏನು ಹೇಳುತ್ತಿದ್ದರೋ ಅದನ್ನು ಹೇಳಿ. ಆ ಮಾತು ಯಾವ ಪುಸ್ತಕದಲ್ಲೂ ಇಲ್ಲ.

 ಶಾಲೆ ಶತಮಾನೋತ್ಸವ ಆಚರಿಸುವ ದಿನ ಆ ನೋಟ್‌ಬುಕ್ ತುಂಬಿರಲಿ, ಕಲ್ಲುಗಳು ಇದ್ದಲ್ಲೇ ನಿಂತಿರಲಿ.