ಮನೆಮದ್ದನ್ನು ಒರೆಗೆ ಹಚ್ಚುವ ಬಗೆ



ರಾಯದುರ್ಗ, ಮಡಕಶಿರಾ ಸೀಮೆಯ ಮಕ್ಕಳಿಗೆ ಬೇವು, ಅರಿಶಿನ, ಬೆಳ್ಳುಳ್ಳಿಗಳ ಗುಣವನ್ನು ನಾವು ಹೇಳಬೇಕಾಗಿಲ್ಲ. ಅಜ್ಜಿಯರು ಹೇಳಿಯೇ ಇರುತ್ತಾರೆ. ಆ ಮಾತನ್ನು ಒರೆಗೆ ಹಚ್ಚಲು ಕಲಿಸುವುದು ನಮ್ಮ ಕೆಲಸ. ರಾಗಿಮುದ್ದೆಯ ನಾಲ್ಕು ಸಮನಾದ ತುಂಡುಗಳನ್ನು ನಾಲ್ಕು ಹಳೆಯ ಗಾಜಿನ ಸೀಸೆಗಳಲ್ಲಿಡಿರಿ. ಮೂರಕ್ಕೆ ಬೇವಿನ ಸೊಪ್ಪಿನ ರಸ, ಬೆಳ್ಳುಳ್ಳಿಯ ರಸ, ಅರಿಶಿನದ ನೀರನ್ನು ಒಂದೊಂದು ಚಮಚದಂತೆ ಹಾಕಿರಿ. ನಾಲ್ಕನೆಯದಕ್ಕೆ ಅಷ್ಟೇ ಬರಿಯ ನೀರು. ಮಕ್ಕಳು ಈ ನಾಲ್ಕನೆಯದನ್ನು ವ್ಯರ್ಥವೆಂದು ಬಗೆಯುತ್ತಾರೆ. ಪರೀಕ್ಷೆಯ ಜೀವಾಳ ಅದೇ: ಅಲ್ಲಿಯೂ ಬೂಷ್ಟು ಬಾರದಿದ್ದರೆ ಬೇವಿಗೆ ಕೀರ್ತಿ ಸಲ್ಲದು. ಮುಚ್ಚಳ ಬಿಗಿದು, ದಿನವೂ ಹೊರಗಿನಿಂದಲೇ ನೋಡಿ ಬರೆಯಿಸಿರಿ. ಮುಗಿದ ಮೇಲೆ ತೆರೆಯದೆ ನೀವೇ ಹೂಳಿರಿ.

1944ರಲ್ಲಿ ಅಮೆರಿಕದ ಕವಲ್ಲಿಟೊ ಮತ್ತು ಬೈಲಿ ಬೆಳ್ಳುಳ್ಳಿಯಿಂದ ಅಲಿಸಿನ್ ಎಂಬ ಪದಾರ್ಥವನ್ನು ಬೇರ್ಪಡಿಸಿ, ಅದು ಬ್ಯಾಕ್ಟೀರಿಯಾಗಳನ್ನು ತಡೆಯುವುದನ್ನು ತೋರಿಸಿದರು. ಆದರೂ ಹಸಿ ಬೆಳ್ಳುಳ್ಳಿಯನ್ನು ಅರೆದು ಮೈಗೆ ಕಟ್ಟಿದರೆ ಬೊಬ್ಬೆ ಏಳುವುದುಂಟು. ಮುದ್ದೆಯಲ್ಲಿ ಬೂಷ್ಟನ್ನು ತಡೆದ ರಸವು ಚರ್ಮರೋಗವನ್ನು ವಾಸಿಮಾಡುತ್ತದೆಂದು ಇದರಿಂದ ಸಿದ್ಧವಾಗದು. ಹುಳುಕಡ್ಡಿಯಾದ ಮಗುವನ್ನು (ಹೆಸರು ಹುಳುವಿನದು, ರೋಗ ಶಿಲೀಂಧ್ರದ್ದು) ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿರಿ. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಮುಲಾಮು ಕೆಂಪನ್ನು ಅಡಗಿಸಿ ಶಿಲೀಂಧ್ರವನ್ನು ಬೆಳೆಯಗೊಡುತ್ತದೆ.